ಸಂತೆಬಾಚಹಳ್ಳಿಯ ಕೊಟ್ಟಿಗೆಯಲ್ಲಿ ಒಂದು ಕೊರೆಯುವ ಯಂತ್ರ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು, ತಿರುಪು, ತಂತಿಗಳ ಮಾತೇಕೆ ಎಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಆದರೆ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವನ್ನು ಇತಿಹಾಸದ ತರಗತಿಯಲ್ಲಿ ನಾವೆಲ್ಲರೂ ಓದಿದ್ದೇವೆ. 13ನೆಯ ಶತಮಾನದ ಆ ಗುಡಿಯೊಳಗೆ ತಿರುಗಣೆಯಲ್ಲಿ ಕಡೆದ ಕಂಬಗಳಿವೆ. ಹೊರಗೋಡೆಯ ಮೂರ್ತಿಗಳೋ ಉಳಿಯಿಂದಲೇ ಆದಂಥವು. ಯಂತ್ರವೂ ಕೈಯೂ ಕೂಡಿ ದುಡಿಯುವುದು ನಮ್ಮ ಸೀಮೆಗೆ ಹೊಸತಲ್ಲವೆಂಬುದಕ್ಕೆ ಇಷ್ಟು ಸಾಕು.

ನನ್ನ ಸೋದರಮಾವ ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಲ್ಲಿ ಬಡಗಿ. ಈಚಿನ ವರ್ಷಗಳಲ್ಲಿ ಮನೆ ಕಟ್ಟಿಸುವವರು ಬಾಗಿಲವಾಡವನ್ನು ಅವರಿಂದ ಮಾಡಿಸಿಕೊಂಡು, ತಲೆಬಾಗಿಲಿನ ಹಲಗೆಯನ್ನು ಮಾತ್ರ ಪಟ್ಟಣಕ್ಕೊಯ್ದು ಯಂತ್ರದಲ್ಲಿ ಹೂಬಳ್ಳಿ ಕೊರೆಸಿ ತರುತ್ತಾರೆ. ತಲೆಬಾಗಿಲಿನ ಕೂಲಿಯಲ್ಲಿ ದೊಡ್ಡ ಪಾಲು ಕೆತ್ತನೆಯದೇ. ಅದು ಊರು ಬಿಟ್ಟು ಹೋದ ಮೇಲೆ ಅವರಿಗೆ ಉಳಿದುದು ಚೌಕಟ್ಟಿನ ಕೂಲಿ ಮಾತ್ರ. ಅಂಗಡಿಯ ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ. ಆದುದರಿಂದ ಕಳೆದ ರಜೆಯಲ್ಲಿ ಅವರ ಕೊಟ್ಟಿಗೆಯಲ್ಲೇ ಚಿಕ್ಕದೊಂದನ್ನು ಕಟ್ಟಲು ತೊಡಗಿದೆವು. ಆ ವೇಳೆಗೆ ಮಾವ ಒಂದು ತಲೆಬಾಗಿಲಿಗೆ ಮುಂಗಡ ಹಿಡಿದಿದ್ದರು. ಗೃಹಪ್ರವೇಶದ ದಿನವೂ ಗೊತ್ತಾಗಿತ್ತು. ತೇಗದ ಹಲಗೆ ಕೆಟ್ಟರೆ ಕೂಲಿಯೂ ಹೋಗಿ ಮರದ ಬೆಲೆಯೂ ತಲೆಗೆ ಬರತಕ್ಕದ್ದು. ಯಂತ್ರದ ಅಳತೆ ಸರಿಯೆಂದು ತೋರುವವರೆಗೆ ತೇಗವನ್ನು ಅದರ ಮೇಲೆ ಇಡತಕ್ಕದ್ದಲ್ಲವೆಂದು ಮಾವ ಮೊದಲೇ ಕಟ್ಟು ಮಾಡಿದರು.

ಸಿ.ಎನ್.ಸಿ. ಎಂದರೆ ಗಣಕದ ಅಂಕಿಗಳಿಗೆ ಅಧೀನವಾಗಿ ನಡೆಯುವ ಯಂತ್ರ. ಜಕಾರ್ಡ್ ಮಗ್ಗವನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು: ಅಲ್ಲಿ ರಟ್ಟಿನ ತೂತುಗಳು ಎಳೆಗಳನ್ನು ಎತ್ತಿಸುತ್ತವೆ, ಇಲ್ಲಿ ಅಂಕಿಗಳು ಮೋಟಾರನ್ನು ತಿರುಗಿಸುತ್ತವೆ. ಅಮೆರಿಕದ ಜಾನ್ ಪಾರ್ಸನ್ಸ್ ಎಂಬವರ ಆಲೋಚನೆಯಿಂದ ಹುಟ್ಟಿ, 1952ರಲ್ಲಿ ಎಂ.ಐ.ಟಿ.ಯಲ್ಲಿ ಪ್ರದರ್ಶಿತವಾದ ಮೊದಲ ಯಂತ್ರಕ್ಕೂ ತೂತಿನ ಪಟ್ಟಿಯೇ ಆಜ್ಞೆಯಾಗಿತ್ತು. ಈಗ ಅಂಗೈಯಗಲದ ಆರ್ಡುಯಿನೊ ಫಲಕವೂ ಅದರಲ್ಲಿ ಕೂರುವ ಜಿ.ಆರ್.ಬಿ.ಎಲ್. ಎಂಬ ಉಚಿತ ತಂತ್ರಾಂಶವೂ ಆ ಕೆಲಸ ಮಾಡುತ್ತವೆ. ‘ಜಿ 1 ಎಕ್ಸ್ 100 ಎಫ್ 1800’ ಎಂದು ಬರೆದರೆ, ಎಡಬಲದ ಗೆರೆಯಲ್ಲಿ 100ನೆಯ ಮಿಲಿಮೀಟರಿಗೆ ನಿಮಿಷಕ್ಕೆ 1800 ಮಿ.ಮೀ. ವೇಗದಿಂದ ಹೋಗು ಎಂದರ್ಥ.

ನಮ್ಮ ಯಂತ್ರದ ಅಡಿಗಟ್ಟು ಚೌಕ ಕಬ್ಬಿಣದ ಕೊಳವೆಗಳದು. ಬೆಸುಗೆಯ ಕಾವಿಗೆ ಕಬ್ಬಿಣ ಸ್ವಲ್ಪ ಸೊಟ್ಟಗಾಗುವುದು ಸಹಜವಾದುದರಿಂದ, ಹಳಿಗಳ ಕೆಳಗೆ ತೆಳು ತಗಡಿನ ಚೂರುಗಳನ್ನು ಕೊಟ್ಟು ಮಟ್ಟ ಮಾಡಿದೆವು. ಹಳಿಗಳ ಮೇಲೆ ಒಂದು ಅಡ್ಡತೊಲೆ. ಅದರ ಎರಡು ಕಾಲಿಗೂ ಒಂದೊಂದು ತಿರುಪು, ಒಂದೊಂದು ಮೋಟಾರು. ತೊಲೆಯ ಮೇಲೆ ಎಡಬಲಕ್ಕೊಂದು, ಏರಿಳಿತಕ್ಕೊಂದು ಮೋಟಾರು. ಕೊರೆಯುವುದಕ್ಕೆ ಬಡಗಿಗಳು ಕೈಯಲ್ಲಿ ಹಿಡಿಯುವ ರೌಟರನ್ನೇ ಕಟ್ಟಿದೆವು. ಮೋಟಾರು, ಡ್ರೈವರ್ ಮುಂತಾದುವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆವು. ಆ ರಸ್ತೆಯ ವರ್ಣನೆಗೇ ಬೇರೊಂದು ಲೇಖನ ಬೇಕು.

ಈ ಮೋಟಾರಿನ ಸ್ವಭಾವವನ್ನು ತಿಳಿದರೆ ಮುಂದಿನದೆಲ್ಲ ತಿಳಿದಂತೆ. ಸ್ಟೆಪ್ಪರ್ ಮೋಟಾರು ಸುಮ್ಮನೆ ತಿರುಗುವುದಿಲ್ಲ, ಹೆಜ್ಜೆ ಹಾಕುತ್ತದೆ: ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವರ್ ಎಂಬ ಪೆಟ್ಟಿಗೆ ಒಂದೊಂದನ್ನು ಎಂಟು ಪಾಲು ಮಾಡಿದರೆ ಸುತ್ತಿಗೆ 1600. ತಿರುಪು ಒಂದು ಸುತ್ತಿಗೆ 5 ಮಿ.ಮೀ. ಸರಿಯುವುದಾದುದರಿಂದ ಒಂದು ಮಿ.ಮೀ.ಗೆ 320 ಹೆಜ್ಜೆ. ಯಂತ್ರಕ್ಕೆ ಗೊತ್ತಿರುವುದು ಈ ಎಣಿಕೆಯೊಂದೇ. ತಾನು ಎಲ್ಲಿದ್ದೇನೆಂದು ಅದು ನೋಡಲಾರದು. ಏನೋ ಅಡ್ಡ ಬಂದು ಹತ್ತು ಹೆಜ್ಜೆ ತಪ್ಪಿದರೂ, ತಪ್ಪಿಲ್ಲವೆಂದೇ ತಿಳಿದು ಮುಂದುವರಿಯುತ್ತದೆ. ಕತ್ತಲಲ್ಲಿ ಹೆಜ್ಜೆ ಎಣಿಸಿಕೊಂಡು ಹಿತ್ತಿಲಿಗೆ ಹೋಗುವವನ ಪಾಡು ಇದರದು. ನಾವು ಕಂಡ ಬಹುಪಾಲು ದೋಷಗಳು ಎಣಿಕೆಗೂ ನೆಲೆಗೂ ಬಿದ್ದ ಬಿರುಕುಗಳೇ. ಆ ಬಿರುಕು ಎಲ್ಲಿ ಬಿತ್ತೆಂದು ಹುಡುಕುವುದರಲ್ಲಿ ನಮ್ಮ ರಜೆಯ ಅರ್ಧ ಕಳೆಯಿತು.

ಮೊದಲನೆಯದು ಮೂಲೆ. ಪ್ಯಾಕಿಂಗ್ ಹಲಗೆಯ ಮೇಲೆ 400 ಮಿ.ಮೀ. ಉದ್ದ, 300 ಮಿ.ಮೀ. ಅಗಲದ ಆಯತದ ನಾಲ್ಕು ಮೂಲೆಗಳಲ್ಲಿ ಯಂತ್ರದಿಂದ ತೂತು ಕೊರೆಸಿದೆವು. ಪಾಯ ತೆಗೆಯುವ ಗಾರೆಯವರೆಲ್ಲರಿಗೂ ತಿಳಿದ ಮೂರು-ನಾಲ್ಕು-ಐದರ ಲೆಕ್ಕದಂತೆ ಎರಡು ಕರ್ಣಗಳೂ 500 ಇರಬೇಕು. ಒಂದು 501, ಇನ್ನೊಂದು 499 ಬಂದಿತು. ಎರಡು ಮಿ.ಮೀ. ಅಲ್ಪವೆನ್ನಿಸಬಹುದು; ಲೆಕ್ಕ ಹಾಕಿದರೆ 300 ಮಿ.ಮೀ. ಅಗಲಕ್ಕೆ ಒಂದೂಕಾಲು ಮಿ.ಮೀ. ಓರೆ. ತಲೆಬಾಗಿಲಿನ ಪೂರ್ತಿ ಅಗಲಕ್ಕೆ ಅದು ಕಣ್ಣಿಗೆ ಹೊಡೆಯದೆ ಇರದು. “ಮೂಲೆಮಟ್ಟ ಸುಳ್ಳೇಳಾಕಿಲ್ಲ ಕಣ್ಲಾ, ಕಾಲ್ ನೋಡು” ಎಂದರು ಮಾವ. ಅವರ ಮಾತೇ ನಿಜವಾಯಿತು. ವಿದ್ಯುತ್ತು ಇಲ್ಲದಾಗ ಅಡ್ಡತೊಲೆಯ ಒಂದು ಕಾಲು ಕೈತಾಗಿ ಸರಿದರೆ, ಮತ್ತೆ ವಿದ್ಯುತ್ತು ಬಂದಾಗ ಎರಡು ಮೋಟಾರುಗಳೂ ಇದ್ದಲ್ಲಿಂದಲೇ ಎಣಿಕೆ ಶುರುಮಾಡುತ್ತವೆ. ಓರೆ ಹಾಗೆಯೇ ನಿಲ್ಲುತ್ತದೆ. ಹಳಿಗಳ ತುದಿಯಲ್ಲಿ ಎರಡು ಗಟ್ಟಿ ತಡೆಗಳನ್ನು ಬಿಗಿದು, ಕರ್ಣ ಸಮವಾಗುವವರೆಗೆ ಒಂದನ್ನು ಅರೆದು ಸರಿಪಡಿಸಿ, ದಿನವೂ ಗುಂಡಿ ಒತ್ತುವ ಮುನ್ನ ತೊಲೆಯನ್ನು ಎರಡಕ್ಕೂ ತಾಗಿಸುವ ಪದ್ಧತಿ ಇಟ್ಟೆವು.

ಎರಡನೆಯದು ಅಳತೆ. 300 ಮಿ.ಮೀ. ಹೋಗೆಂದರೆ ಒಮ್ಮೆ 299, ಒಮ್ಮೆ ಸರಿಯಾಗಿ 300. ಇಂಥಲ್ಲಿ 320ರ ಅಂಕಿಯನ್ನು ತಿದ್ದಿ ಹೊಂದಿಸಿಬಿಡಿ ಎಂದು ಸಲಹೆ ಕೊಡುವವರು ಬಹಳ. ಪಟ್ಟಿಯಿಂದ ಎಳೆಯುವ ಯಂತ್ರಕ್ಕೆ ಅದು ಸಲ್ಲಬಹುದು. ತಿರುಪಿನ ಯಂತ್ರಕ್ಕೆ ಸಲ್ಲದೆಂಬುದು ನನ್ನ ಅಭಿಪ್ರಾಯ. ತಿರುಪಿನ ಹಲ್ಲು ದಿನಕ್ಕೊಂದು ಅಂತರಕ್ಕೆ ಬದಲಾಗುವುದಿಲ್ಲವಷ್ಟೆ. ಅಂಕಿ ತಿದ್ದಿದರೆ ರೋಗ ಮುಚ್ಚಿಹೋಗುತ್ತದೆ. ನಾವು ಮಾಡಿದ ಪರೀಕ್ಷೆ ಬಲು ಸರಳ: ಮೋಟಾರಿನ ದಂಡ, ಅದನ್ನು ತಿರುಪಿಗೆ ಜೋಡಿಸುವ ಕಪ್ಲಿಂಗ್, ತಿರುಪು ಈ ಮೂರರ ಮೇಲೂ ನೇರವಾಗಿ ಮಸಿಯ ಒಂದು ಗೆರೆ ಎಳೆದೆವು. ಅರ್ಧ ಗಂಟೆ ಓಡಿಸಿದ ಮೇಲೆ ಗೆರೆ ಮುರಿದಿದ್ದರೆ ಕಪ್ಲಿಂಗ್ ಜಾರಿದೆ. ಗೆರೆ ಕೂಡಿಯೇ ಇದ್ದು ಅಳತೆ ಮಾತ್ರ ತಪ್ಪಿದ್ದರೆ ಮೋಟಾರೇ ಹೆಜ್ಜೆ ತಪ್ಪಿದೆ. ಎಡಬಲದ ತಿರುಪಿನಲ್ಲಿ ಗೆರೆ ಮುರಿದಿತ್ತು. ಕಪ್ಲಿಂಗಿನ ಚಿಕ್ಕ ತಿರುಪುಗಳು ಅದುರಿಗೆ ಸಡಿಲಗೊಂಡಿದ್ದುವು. ಏರಿಳಿತದಲ್ಲಿ ಗೆರೆ ಕೂಡಿತ್ತು. ರೌಟರಿನ ಭಾರವನ್ನೆಲ್ಲ ಎತ್ತುವ ಆ ಮೋಟಾರು ಥಟ್ಟನೆ ವೇಗ ಹಿಡಿಯಲಾರದೆ ಹೆಜ್ಜೆ ಬಿಡುತ್ತಿತ್ತು. ವೇಗವೇರುವ ದರವನ್ನು ಅರ್ಧಕ್ಕಿಳಿಸಿದ ಮೇಲೆ ಬಿಡಲಿಲ್ಲ.

ಎಲ್ಲಕ್ಕಿಂತ ಕಾಡಿದುದು ಮೂರನೆಯದು. ಕೆಲಸ ನಡೆಯುತ್ತಿರುವಾಗಲೇ ಯಂತ್ರ ನಿಂತುಬಿಡುವುದು. ತೊಲೆ ನಡುವೆಯೇ ಇದ್ದರೂ, ಅದು ಹಳಿಯ ತುದಿಗೆ ತಾಗಿತೆಂದು ಗಣಕದಲ್ಲಿ ಸೂಚನೆ ಮೂಡುವುದು. ಕಾರಣವನ್ನು ಮೂರು ಓಟಗಳಿಂದ ಬೇರ್ಪಡಿಸಿದೆವು. ರೌಟರ್ ಆರಿಸಿ, ಗಾಳಿಯಲ್ಲೇ ಪೂರ್ತಿ ಕೆಲಸ ಓಡಿಸಿದರೆ ನಿಲ್ಲಲಿಲ್ಲ. ರೌಟರ್ ಹಚ್ಚಿ, ಮರ ಮುಟ್ಟಿಸದೆ ಓಡಿಸಿದರೆ ನಿಂತಿತು. ಮರವನ್ನೇ ಮುಟ್ಟದಿರುವಾಗ ಕೊರೆತದ ಭಾರವನ್ನು ದೂರುವಂತಿಲ್ಲ. ರೌಟರನ್ನು ಬಿಚ್ಚಿ ಪಕ್ಕದ ಸ್ಟೂಲಿನ ಮೇಲೆ ಹಚ್ಚಿಟ್ಟಾಗಲೂ ನಿಂತುದರಿಂದ ಅದುರೂ ಕಾರಣವಲ್ಲವೆಂದಾಯಿತು. ಉಳಿದುದು ವಿದ್ಯುತ್ತಿನ ಗದ್ದಲ. ರೌಟರಿನೊಳಗೆ ಕಾರ್ಬನ್ ಬ್ರಷ್ಷುಗಳು ಕಿಡಿಯಾಡುತ್ತವೆ; ಆ ಕಿಡಿಯ ಸದ್ದನ್ನು ಲಿಮಿಟ್ ಸ್ವಿಚ್ಚಿನ ಉದ್ದನೆಯ ತಂತಿ ರೇಡಿಯೋ ಕಂಬಿಯಂತೆ ಹಿಡಿದು ಫಲಕಕ್ಕೆ ಮುಟ್ಟಿಸುತ್ತದೆ. ಸ್ವಿಚ್ಚಿನ ತಂತಿಗಳನ್ನು ಲೋಹದ ಹೊದಿಕೆಯುಳ್ಳವಕ್ಕೆ ಬದಲಿಸಿ, ಹೊದಿಕೆಯನ್ನು ಒಂದೇ ತುದಿಯಲ್ಲಿ ಭೂಮಿಗೆ ಸೇರಿಸಿ, ರೌಟರಿನ ತಂತಿಯನ್ನು ಬೇರೆ ಪಕ್ಕದಿಂದ ತಂದೆವು. ಕೊಟ್ಟಿಗೆಗೆ ಸರಿಯಾದ ಅರ್ಥಿಂಗೇ ಇರಲಿಲ್ಲವಾದುದರಿಂದ, ವಿದ್ಯುತ್ ಕೆಲಸ ಬಲ್ಲವರೊಬ್ಬರನ್ನು ಕರೆಸಿ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿಸಿ ಅದನ್ನೂ ಮಾಡಿಸಿದೆವು. ಅಂದಿನಿಂದ ಆ ಸುಳ್ಳು ಸೂಚನೆ ಬಂದಿಲ್ಲ.

ವಿದ್ಯುತ್ತು ನಡುವೆ ಹೋದರೆ ಮಾತ್ರ ಎಣಿಕೆ ಪೂರ್ತಿ ಅಳಿಸಿಹೋಗುವುದು. ಅದಕ್ಕೆ ಹಲಗೆಯ ಒಂದು ಮೂಲೆಯಲ್ಲಿ, ಮುಂದೆ ಕತ್ತರಿಸಿ ತೆಗೆಯುವ ಭಾಗದಲ್ಲಿ, ಗುರುತಿನ ತೂತೊಂದನ್ನು ಮೊದಲೇ ಕೊರೆದಿಡುತ್ತೇವೆ. ಬಿಟ್ಟಿನ ತುದಿಯನ್ನು ಅದರಲ್ಲಿ ಕೂರಿಸಿದರೆ ಆಚೀಚೆಯ ಲೆಕ್ಕವೂ, ಹಾಸುಹಲಗೆಗೆ ತಾಗಿಸಿದರೆ ಆಳದ ಲೆಕ್ಕವೂ ಮತ್ತೆ ಸಿಗುತ್ತದೆ.

ಅಳತೆ ಸರಿಹೋದ ಮೇಲೆ ಹಲಸಿನ ಹಲಗೆಯಲ್ಲಿ ಮಾದರಿ ಕೊರೆದೆವು. ಅಂಚು ಸುಟ್ಟು ಕಪ್ಪಾಯಿತು. ಮರ ಸುಟ್ಟರೆ ನಿಧಾನವಾಗಿ ನಡೆಸಬೇಕೆಂದು ತೋರುವುದು ಸಹಜ. ನಿಜವಾದ ಮದ್ದು ಅದಕ್ಕೆ ವಿರುದ್ಧ. ಬಿಟ್ಟಿನ ಒಂದೊಂದು ಬಾಯಿಯೂ ಸುತ್ತಿಗೊಮ್ಮೆ ಒಂದಿಷ್ಟು ಮರವನ್ನು ಕಚ್ಚಬೇಕು, ಇಲ್ಲದಿದ್ದರೆ ಉಜ್ಜಿ ಕಾಯುತ್ತದೆ. ನಿಮಿಷಕ್ಕೆ 18,000 ಸುತ್ತು, ಎರಡು ಬಾಯಿ, ಒಂದು ಕಚ್ಚಿಗೆ 0.05 ಮಿ.ಮೀ. ಎಂದರೆ 1800 ಮಿ.ಮೀ. ವೇಗ ಬೇಕು. 600ರಲ್ಲಿ ಹೋಗುತ್ತಿದ್ದುದನ್ನು ಅಲ್ಲಿಗೇರಿಸಿ, ಆಳವನ್ನು ತೆಳು ಪದರಗಳಾಗಿ ಹಂಚಿದಾಗ ಹೊಟ್ಟಿನ ಬದಲು ಚಕ್ಕೆ ಬಂದಿತು, ಅಂಚೂ ಬೆಳ್ಳಗಾಯಿತು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆಗಿಂತ ಒಳ್ಳೆಯ ಮುಸುಕು, ಕೈಗೆಟುಕುವಂತೆ ಕೆಂಪು ಗುಂಡಿ ಇವು ಮೂರೂ ಇಲ್ಲದೆ ಯಾರೂ ಈ ಕೆಲಸಕ್ಕೆ ನಿಲ್ಲಬಾರದು.

ತೇಗದ ಹಲಗೆ ಏರಿದುದು ಆಮೇಲೆ. ಗೃಹಪ್ರವೇಶಕ್ಕೆ ನಾಲ್ಕು ದಿನ ಮೊದಲೇ ಬಾಗಿಲು ವಾಡಕ್ಕೆ ಕೂತಿತು. ಆದರೆ ಕೆತ್ತನೆಯೆಲ್ಲವೂ ಯಂತ್ರದ್ದಲ್ಲ. 6 ಮಿ.ಮೀ. ದಪ್ಪದ ಬಿಟ್ಟು ಯಾವ ಒಳಮೂಲೆಯನ್ನೂ 3 ಮಿ.ಮೀ.ಗಿಂತ ಚೂಪಾಗಿ ಬಿಡಿಸಲಾರದು. ಮೇಲಿನಿಂದಲೇ ಇಳಿಯುವುದಾದುದರಿಂದ ಎಲೆಯ ಅಂಚಿನ ಅಡಿಯಿಂದ ಮರವನ್ನು ತೆಗೆಯಲೂ ಆರದು. ಆ ಮೂಲೆಗಳನ್ನು ಬಿಡಿಸಿ, ಎಲೆಗಳ ಅಡಿಯನ್ನು ತೋಡಿ ನೆರಳು ಬರಿಸಿದುದು ಮಾವನ ಉಳಿ. ಅದಕ್ಕೆ ಎರಡು ದಿನ ಹಿಡಿಯಿತು. ಈಗ ಮುಂದಿನ ಬಾಗಿಲಿಗೆ ಮುಂಗಡ ಬಂದಿದೆ, ಹಳಿಗಳಿಗೆ ಹೊಟ್ಟು ಬೀಳದಂತೆ ಚರ್ಮದ ಹೊದಿಕೆ ಹೊಲಿಸುವ ಕೆಲಸ ಬಾಕಿಯಿದೆ.