ಬಾಂಬ್ ಹುಡುಕಲು ಹೋದವರಿಗೆ ಕಂಡ ಬೆಳಕು

ಅದು ಶೀತಲ ಸಮರದ ಕಾಲ. ವಾತಾವರಣದಲ್ಲಾಗಲೀ ಬಾಹ್ಯಾಕಾಶದಲ್ಲಾಗಲೀ ಅಣ್ವಸ್ತ್ರ ಪರೀಕ್ಷೆ ನಡೆಸುವುದಿಲ್ಲವೆಂದು ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ 1963ರಲ್ಲಿ ಒಪ್ಪಂದ ಮಾಡಿಕೊಂಡವು. ಸಹಿಯೇನೋ ಬಿತ್ತು, ನಂಬಿಕೆ ಹುಟ್ಟಲಿಲ್ಲ. ಎದುರಾಳಿ ಕದ್ದುಮುಚ್ಚಿ ಬಾಂಬ್ ಸಿಡಿಸಿದರೆ ಹೊಮ್ಮುವ ಗಾಮಾ ಕಿರಣಗಳನ್ನು ಪತ್ತೆ ಹಚ್ಚಲು ಅಮೆರಿಕ ‘ವೇಲಾ’ ಉಪಗ್ರಹಗಳನ್ನು ಹಾರಿಸಿತು.

1967ರ ಜುಲೈ 2ರಂದು ಗಾಮಾ ಕಿರಣಗಳು ದಾಖಲಾದವು. ಆದರೆ ಅವುಗಳ ಏರಿಳಿತ ಬಾಂಬಿನದ್ದಾಗಿರಲಿಲ್ಲ. ಮುಂದೆ ಇನ್ನೂ ಸೂಕ್ಷ್ಮವಾದ ಉಪಗ್ರಹಗಳು ಏರಿದ ಮೇಲೆ ಲಾಸ್ ಅಲಾಮೋಸ್ ಪ್ರಯೋಗಾಲಯದ ರೇ ಕ್ಲೆಬೆಸಾಡೆಲ್ ಮತ್ತು ಸಂಗಡಿಗರು ಇಂಥ 16 ಸ್ಫೋಟಗಳನ್ನು ಪರಿಶೀಲಿಸಿದರು. ಇವು ಭೂಮಿಯವೂ ಅಲ್ಲ, ಸೂರ್ಯನವೂ ಅಲ್ಲ ಎಂದು 1973ರಲ್ಲಿ ಪ್ರಕಟಿಸಿದರು.

ಹಾಗಾದರೆ ಎಲ್ಲಿಯವು? ಉತ್ತರ ಸುಲಭವಿರಲಿಲ್ಲ. ಗಾಮಾ ಕಿರಣಗಳನ್ನು ವಾತಾವರಣ ತಡೆಯುವುದರಿಂದ ಅವನ್ನು ನೆಲದಿಂದ ನೋಡಲಾಗದು. ಸ್ಫೋಟದ ಆಯಸ್ಸೋ ಕ್ಷಣದಿಂದ ಕೆಲವು ನಿಮಿಷ ಮಾತ್ರ. ಸುದ್ದಿ ತಲುಪಿ ದೂರದರ್ಶಕ ತಿರುಗಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಇವು ನಮ್ಮ ಆಕಾಶಗಂಗೆಯ ಹೊರವಲಯದವೋ, ದೂರದ ಗೆಲಾಕ್ಸಿಗಳವೋ ಎಂದು 1995ರಲ್ಲಿ ವಾಷಿಂಗ್ಟನ್‌ನಲ್ಲಿ ಬಹಿರಂಗ ಚರ್ಚೆಯೇ ನಡೆಯಿತು. ದೂರದವೆಂದು ವಾದಿಸಿದವರು ಪೋಲೆಂಡ್ ಮೂಲದ ಬೋಡಾನ್ ಪಚಿನ್‌ಸ್ಕಿ.

ಒಲೆ ಆರಿದ ಮೇಲೂ ಕೆಂಡ ಮಿನುಗುವಂತೆ, ಸ್ಫೋಟದ ನಂತರವೂ ಕ್ಷೀಣ ಹೊಳಪು ಉಳಿಯುತ್ತದೆ. ಇಟಲಿ ಮತ್ತು ನೆದರ್ಲೆಂಡ್ಸ್‌ನ ಬೆಪ್ಪೋಸ್ಯಾಕ್ಸ್ ಉಪಗ್ರಹ 1997ರ ಫೆಬ್ರುವರಿಯಲ್ಲಿ ಆ ಹೊಳಪನ್ನು ಹಿಡಿಯಿತು. ಅದೇ ವರ್ಷ ಮತ್ತೊಂದು ಸ್ಫೋಟದ ದೂರ ಶತಕೋಟಿ ಜ್ಯೋತಿರ್ವರ್ಷಗಳ ಲೆಕ್ಕದ್ದೆಂದು ಗೊತ್ತಾಯಿತು. ಪಚಿನ್‌ಸ್ಕಿಯವರ ಮಾತೇ ನಿಜವಾಯಿತು.

ಇನ್ನು ಬೇಕಿದ್ದುದು ವೇಗ. 2004ರ ನವೆಂಬರ್ 20ರಂದು ನಾಸಾ ಹಾರಿಸಿದ ‘ಸ್ವಿಫ್ಟ್’ಗೆ, ಹಾರುತ್ತಲೇ ಹುಳು ಹಿಡಿಯುವ ಚುರುಕು ಹಕ್ಕಿಯ ಹೆಸರು. ಅದರ ಒಂದು ಉಪಕರಣ ಆಕಾಶದ ದೊಡ್ಡ ಭಾಗವನ್ನು ಕಾಯುತ್ತದೆ. ಸ್ಫೋಟ ಕಂಡೊಡನೆ ನೌಕೆ ಭೂಮಿಯ ಅಪ್ಪಣೆಗೆ ಕಾಯದೆ ತಾನೇ ತಿರುಗಿ, ಒಂದೆರಡು ನಿಮಿಷಗಳೊಳಗೆ ಎಕ್ಸ್ ಕಿರಣ ಮತ್ತು ಅತಿನೇರಳೆ ದೂರದರ್ಶಕಗಳನ್ನು ಅತ್ತ ಗುರಿಯಿಡುವಂತೆ ಅದನ್ನು ರೂಪಿಸಲಾಯಿತು. ಯೋಜನೆಯ ಮುಂದಾಳು ನೀಲ್ ಗೆರೆಲ್ಸ್ 2017ರಲ್ಲಿ ತೀರಿಕೊಂಡ ಮೇಲೆ ಅದಕ್ಕೆ ಅವರ ಹೆಸರನ್ನೂ ಸೇರಿಸಲಾಯಿತು.

ದೀರ್ಘ ಸ್ಫೋಟಗಳಲ್ಲಿ ಬಹುಪಾಲು ದೈತ್ಯ ನಕ್ಷತ್ರಗಳು ಕುಸಿಯುವಾಗಿನವು. ಎರಡು ಸೆಕೆಂಡಿಗೂ ಕಡಿಮೆಯವು ಸಾಮಾನ್ಯವಾಗಿ ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗಿನವು. 2017ರ ಆಗಸ್ಟ್‌ನಲ್ಲಿ ಕಂಡ ಅಂಥದೊಂದು ಡಿಕ್ಕಿಯಲ್ಲಿ ಭಾರದ ಧಾತುಗಳು ಹುಟ್ಟಿದ ಕುರುಹು ಸಿಕ್ಕಿತು. ನಮ್ಮ ಮನೆಗಳ ಚಿನ್ನದಲ್ಲೂ ಒಂದಷ್ಟು ಹೀಗೆಯೇ ಹುಟ್ಟಿದ್ದಿರಬೇಕು.

ಸ್ವಿಫ್ಟ್ ಕಂಡ ಜಾಗದ ವಿವರ ಸೆಕೆಂಡುಗಳಲ್ಲೇ ಎಲ್ಲ ದೇಶಗಳ ಖಗೋಳಜ್ಞರಿಗೂ ಹೋಗುವ ಏರ್ಪಾಡಾಯಿತು. ಲಡಾಖಿನ ಹಾನ್ಲೆಯಲ್ಲಿದ್ದು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ನಡೆಸಲಾಗುವ ಎರಡು ಮೀಟರ್ ದೂರದರ್ಶಕವೂ ಇಂಥ ಹೊಳಪುಗಳನ್ನು ಹಿಂಬಾಲಿಸಿದೆ. ಒಬ್ಬರನ್ನೊಬ್ಬರು ನಂಬದವರು ಕಂಡುಹಿಡಿದ ಬೆಳಕನ್ನು ಅರಿಯಬೇಕಾದರೆ, ಎಲ್ಲರೂ ಒಬ್ಬರಿಗೊಬ್ಬರು ತಕ್ಷಣ ಹೇಳಿಕೊಳ್ಳಲೇಬೇಕಾಯಿತು.