ಮಲ್ಟಿಮೀಟರ್: ಮೂರು ಮಾಪಕಗಳು ಒಂದಾದ ಬಗೆ

ವಿದ್ಯುತ್ತು ಕಣ್ಣಿಗೆ ಕಾಣದು. ಅದರ ಇರವನ್ನು ಅದು ಮಾಡುವ ಕಾರ್ಯದಿಂದಲೇ ಅರಿಯಬೇಕು. 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಓರ್ಸ್ಟೆಡ್, ಪ್ರವಾಹವುಳ್ಳ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಕಂಡನು. 1882ರಲ್ಲಿ ಫ್ರಾನ್ಸಿನ ಡಾರ್ಸನ್‌ವಾಲ್ ಮತ್ತು ಡೆಪ್ರೆ ಇವರು ಅಯಸ್ಕಾಂತವನ್ನು ಸ್ಥಿರವಾಗಿರಿಸಿ, ತಂತಿಯ ಸುರುಳಿಯೇ ತಿರುಗುವಂತಹ ಮಾಪಕವನ್ನು ರಚಿಸಿದರು.

ಆದರೆ ಪ್ರವಾಹಕ್ಕೊಂದು, ವೋಲ್ಟೇಜಿಗೊಂದು, ರೋಧಕ್ಕೊಂದು ಮಾಪಕವನ್ನು ಹೊತ್ತು ತಿರುಗುವುದು ದುರಸ್ತಿಗಾರರಿಗೆ ತೊಡಕಾಗಿತ್ತು. ಆಗ ತಂತಿ ಮತ್ತು ಟೆಲಿಫೋನುಗಳನ್ನೂ ನಿರ್ವಹಿಸುತ್ತಿದ್ದ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದನು. 1923ರಲ್ಲಿ ಮಾರಾಟಕ್ಕೆ ಬಂದ ಆ ಉಪಕರಣಕ್ಕೆ ಆಂಪಿಯರ್, ವೋಲ್ಟ್, ಓಮ್ ಎಂಬ ಮಾನಗಳ ಇಂಗ್ಲಿಷ್ ಮೊದಲಕ್ಷರಗಳಿಂದ ‘ಆವೊ’ ಎಂಬ ಹೆಸರು ಬಂದಿತು.

ಒಂದೇ ಸುರುಳಿ ಮೂರು ಕೆಲಸಗಳನ್ನು ಮಾಡುವುದು ಹೇಗೆ? ವೋಲ್ಟೇಜನ್ನು ಅಳೆಯುವಾಗ ಸುರುಳಿಯ ಮುಂದೆ ಹೆಚ್ಚಿನ ರೋಧವು ಸೇರಿ, ಅತ್ಯಲ್ಪ ಪ್ರವಾಹ ಮಾತ್ರ ಹರಿಯುತ್ತದೆ. ಪ್ರವಾಹವನ್ನು ಅಳೆಯುವಾಗ ಅತಿ ಕಡಿಮೆ ರೋಧದ ಪಕ್ಕದಾರಿಯೊಂದು ತೆರೆದು, ಬಹುಪಾಲು ಪ್ರವಾಹವನ್ನು ಒಯ್ಯುತ್ತದೆ. ರೋಧವನ್ನು ಅಳೆಯುವಾಗ ಉಪಕರಣದೊಳಗಿನ ಬ್ಯಾಟರಿಯೇ ಪ್ರವಾಹವನ್ನು ಒದಗಿಸುತ್ತದೆ. ಇಂದಿನ ಅಂಗೈಯಗಲದ ಮಾಪಕಗಳಲ್ಲಿ ಮುಳ್ಳಿನ ಬದಲು ಅಂಕೆಗಳು ಮೂಡಿದರೂ ಈ ಮೂಲತತ್ತ್ವ ಬದಲಾಗಿಲ್ಲ.

ಅಪಾಯವಿರುವುದೂ ಇಲ್ಲಿಯೇ. ಹಿಂದೆ ಮೂರು ಪೆಟ್ಟಿಗೆಗಳ ಮೇಲೆ ಮೂರು ಹೆಸರುಗಳಿದ್ದವು. ಈಗ ಆಯ್ಕೆಯ ಹೊಣೆ ಒಂದು ತಿರುಗುಗುಂಡಿಯನ್ನೂ ಅದನ್ನು ಹಿಡಿದ ಕೈಯನ್ನೂ ಸೇರಿದೆ. ಪ್ರವಾಹವನ್ನು ಅಳೆಯಲು ಅಣಿಗೊಳಿಸಿದ ಮಾಪಕದ ಕಡ್ಡಿಗಳನ್ನು ಮನೆಯ 230 ವೋಲ್ಟಿನ ಸಾಕೆಟ್ಟಿಗೆ ಚುಚ್ಚಿದರೆ, ಆ ಪಕ್ಕದಾರಿಯು ಬರಿಯ ತಂತಿಯಂತೆ ವರ್ತಿಸಿ ಶಾರ್ಟ್ ಸರ್ಕ್ಯೂಟ್ ಉಂಟಾಗುತ್ತದೆ. ಒಳಗಿನ ಫ್ಯೂಸು ತಕ್ಕುದಲ್ಲದಿದ್ದರೆ ಉಪಕರಣವೇ ಸಿಡಿಯಬಹುದು. ಆದುದರಿಂದ ವೋಲ್ಟೇಜನ್ನು ಎರಡು ತುದಿಗಳ ನಡುವೆ, ಪ್ರವಾಹವನ್ನು ಮಂಡಲದ ಒಳಸೇರಿ, ರೋಧವನ್ನು ವಿದ್ಯುತ್ತನ್ನು ಕಡಿದ ಮೇಲೆಯೇ ಅಳೆಯತಕ್ಕದ್ದು.

ಮಾಪಕವು ಸೊನ್ನೆ ತೋರಿದ ಮಾತ್ರಕ್ಕೆ ತಂತಿಯನ್ನು ಮುಟ್ಟಲಾಗದು, ಮಾಪಕವೇ ಕೆಟ್ಟಿರಬಹುದು. ವಿದ್ಯುತ್ತಿದೆಯೆಂದು ನಿಶ್ಚಯವಿರುವೆಡೆ ಮೊದಲು ಪರೀಕ್ಷಿಸಿ, ಅನಂತರ ಆ ತಂತಿಯನ್ನು ನೋಡಿ, ಮತ್ತೊಮ್ಮೆ ಮೊದಲಿನೆಡೆಗೆ ಮರಳಿ ನೋಡುವುದು ಸರಿಯಾದ ಕ್ರಮ.

ವಾಹನದ ವಿಷಯದಲ್ಲಿಯೂ ಒಂದೇ ಅಂಕೆಯನ್ನು ನೆಚ್ಚಬಾರದು. ಪೂರ್ಣವಾಗಿ ತುಂಬಿದ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟನ್ನು ತೋರುತ್ತದೆ. ಎಂಜಿನ್ ನಡೆಯುವಾಗ ಅದು ಸಾಮಾನ್ಯವಾಗಿ 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ದೋಷವನ್ನು ಬ್ಯಾಟರಿಗೆ ಹೊರಿಸುವ ಮುನ್ನ ಅದನ್ನು ತುಂಬುವ ಆಲ್ಟರ್ನೇಟರನ್ನೂ ಅದರ ತಂತಿಗಳನ್ನೂ ಪರಿಶೀಲಿಸಬೇಕು. ಉಪಕರಣವು ಅಂಕೆಯನ್ನು ಮಾತ್ರ ಕೊಡುತ್ತದೆ. ಅದರ ಅರ್ಥವನ್ನು ನಿರ್ಣಯಿಸುವ ಕೆಲಸ ಮನುಷ್ಯನದೇ ಆಗಿ ಉಳಿದಿದೆ.