ಚೊಗರಿನ ಬಣ್ಣವೇ ಚರಕದ ಗುರುತು



ಸಣ್ಣದೊಂದು ಬಟ್ಟೆ ಬ್ರ್ಯಾಂಡ್ ಕಟ್ಟಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ: ನಮ್ಮದೇ ಶೈಲಿ ಎಲ್ಲಿಂದ ತರುವುದು? ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ 'ಚರಕ' ಇದಕ್ಕೆ ಒಳ್ಳೆಯ ಉತ್ತರ.

ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1996ರಲ್ಲಿ ಆರಂಭವಾದ ಈ ಮಹಿಳಾ ಸಹಕಾರ ಸಂಘದ ಕೈಮಗ್ಗದ ಉಡುಪುಗಳು 'ದೇಸಿ' ಹೆಸರಿನಲ್ಲಿ ಮಾರುಕಟ್ಟೆಗೆ ಬಂದವು. ಮಲೆನಾಡಿನಲ್ಲಿ ಹಸಿ ಅಡಿಕೆ ಸುಲಿದು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕಂದುಗೆಂಪು ರಸವೇ ಚೊಗರು. ಚರಕದ ಹೆಂಗಸರು ಅದರಲ್ಲೇ ನೂಲಿಗೆ ಬಣ್ಣ ಕಟ್ಟಿದರು. ಚೊಗರಿಗೆ ಕಬ್ಬಿಣದ ಅಂಶ ಸೇರಿದರೆ ಬಣ್ಣ ಕಪ್ಪಿನತ್ತ ತಿರುಗುತ್ತದೆ. ದಾಳಿಂಬೆ ಸಿಪ್ಪೆಯಿಂದ ಹಳದಿ, ನೀಲಿ ಗಿಡದಿಂದ ನೀಲಿ. ಇರುವ ಬಣ್ಣ ಕೆಲವೇ. ಆ ಮಿತಿಯೇ ಗುರುತಾಯಿತು.

ಹಾಗೆಂದು ಕಾಸರಗೋಡಿನವರು ಚೊಗರು ಹುಡುಕಿಕೊಂಡು ಹೋಗಬೇಕಿಲ್ಲ. ಅಲ್ಲಿ ಅಡಿಕೆಯನ್ನು ಬೇಯಿಸುವುದಿಲ್ಲ, ಸಿಪ್ಪೆಸಹಿತ ಬಿಸಿಲಿಗೆ ಒಣಗಿಸಿ ಚಾಲಿ ಮಾಡುತ್ತಾರೆ. ಆದರೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಾಸರಗೋಡು ಸೀರೆ ಅಲ್ಲಿಯದೇ. ಸೊಲ್ಲಾಪುರಕ್ಕೆ ಚಾದರವಿದೆ, ನೀಲಗಿರಿಯಲ್ಲಿ ತೋಡರ ಕೆಂಪು-ಕಪ್ಪು ಕಸೂತಿಯಿದೆ. ಆ ನೇಕಾರರ, ಕಸೂತಿ ಹಾಕುವವರ ಜೊತೆ ಕೂತು, ಅವರ ಕೆಲಸಕ್ಕೆ ಅವರ ಹೆಸರನ್ನೂ ತಕ್ಕ ಬೆಲೆಯನ್ನೂ ಕೊಟ್ಟು ಆರಂಭಿಸಿದರೆ ಶೈಲಿಗಾಗಿ ದೂರ ಹೋಗಬೇಕಿಲ್ಲ.

ಶೈಲಿ ಸಿಕ್ಕರಷ್ಟೇ ಸಾಲದು. 2020ರಲ್ಲಿ ಸಿದ್ಧ ಬಟ್ಟೆ ಮಾರಾಟವಾಗದೆ ಉಳಿದು, ಚರಕವೇ ತಾನು ದಿವಾಳಿಯೆಂದು ಘೋಷಿಸಿಕೊಂಡಿತು. ಕೊಳ್ಳುವವರಿಲ್ಲದಿದ್ದರೆ ಎಂಥ ಮಗ್ಗವೂ ನಿಲ್ಲುತ್ತದೆ. ಈ ಬಾರಿ ಹಬ್ಬಕ್ಕೆ ಬಟ್ಟೆ ತರುವಾಗ ಒಂದನ್ನಾದರೂ ನಮ್ಮ ಸೀಮೆಯ ಕೈಮಗ್ಗದಿಂದ ಕೊಳ್ಳೋಣ. ನಿಮ್ಮೂರಿನಲ್ಲಿ ಇನ್ನೂ ಮಗ್ಗ ಆಡುತ್ತಿದ್ದರೆ ನಮಗೂ ತಿಳಿಸಿ.